ಶನಿ ದಾಟುವವರೆಗೆ ಕಾಯಬೇಡಿ

ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಮೂವತ್ತು ವರ್ಷ ನರ್ಸ್ ಆಗಿ ದುಡಿದವಳು ನಾನು. ಮಕ್ಕಳಾಗಲಿಲ್ಲವೆಂದು ಬರುವ ದಂಪತಿಯ ಕೈಯಲ್ಲಿರುವ ಫೈಲು ನೋಡಿದರೆ ಆ ಮನೆಯ ಕಥೆ ಅರ್ಧ ತಿಳಿದುಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಬಂದ ಒಬ್ಬ ಹುಡುಗಿಯ ಫೈಲು ಎರಡು ಬೆರಳಿನಷ್ಟು ದಪ್ಪವಿತ್ತು. ಸ್ಕ್ಯಾನಿಂಗ್, ಥೈರಾಯ್ಡ್, ಹಾರ್ಮೋನು, ಗರ್ಭನಾಳದ ಎಕ್ಸ್-ರೇ ಎಲ್ಲವೂ ಅದರಲ್ಲಿದ್ದವು. ಎಲ್ಲವೂ ಅವಳದೇ. ಗಂಡನ ಹೆಸರಿನಲ್ಲಿ ಒಂದು ಚೀಟಿಯೂ ಇರಲಿಲ್ಲ.

"ಇವರದ್ದು ಯಾವ ರಿಪೋರ್ಟೂ ಇಲ್ವಾ?" ಎಂದು ಕೇಳಿದೆ.

ಜೊತೆಯಲ್ಲಿದ್ದ ಅತ್ತೆ ಉತ್ತರಿಸಿದರು: "ಅವನಿಗೇನೂ ಇಲ್ಲ ಸಿಸ್ಟರ್. ತೊಂದರೆ ಇವಳದ್ದೇ. ನಾವು ನೋಡಿಸಿದ್ದೇವೆ."

ಎಲ್ಲಿ ನೋಡಿಸಿದ್ದು ಎಂದು ಕೇಳಿದಾಗ ಹುಡುಗಿ ಮಾತಾಡದೆ ಮೊಬೈಲ್ ತೆಗೆದು ಮುಂದೆ ಹಿಡಿದಳು. ಹನ್ನೆರಡು ಮನೆಗಳ ಒಂದು ಕುಂಡಲಿ. ಅದರ ಕೆಳಗೆ ಎರಡು ಸಾಲು: ಪ್ರಶ್ನೆ ಕೇಳಿದ ಹೊತ್ತಿಗೆ ಐದನೆಯ ಮನೆಗೆ ಶನಿಯ ದೃಷ್ಟಿ ಇದೆ, ಗುರುವಿನ ದೃಷ್ಟಿ ಇಲ್ಲ. ಶನಿ ರಾಶಿ ಬದಲಿಸುವವರೆಗೆ ಸಂತಾನ ಯೋಗವಿಲ್ಲ.

ಅವಳಿಗೆ ಆಗ ಮೂವತ್ತೆರಡು ವರ್ಷ. ಮದುವೆಯಾಗಿ ಆರು ವರ್ಷ ಕಳೆದಿತ್ತು. ಅದರಲ್ಲಿ ಎರಡೂವರೆ ವರ್ಷ ಅವರು ಆಸ್ಪತ್ರೆಯ ಕಡೆ ಸುಳಿಯದೆ ಶನಿ ದಾಟಲಿ ಎಂದು ಕಾದಿದ್ದರು. ಶನಿ ದಾಟಿದ್ದಾಯಿತು, ಮಗು ಆಗಲಿಲ್ಲ. ಆಗ ಮನೆಯಲ್ಲಿ ಹುಡುಗನಿಗೆ ಎರಡನೇ ನಿಕಾಹ್ ಮಾಡಿಸುವ ಮಾತು ಎದ್ದಿತ್ತು. ಎರಡು ಸಾಲಿನ ಒಂದು ಮೊಬೈಲ್ ಸಂದೇಶವನ್ನು ನಂಬಿ ಒಂದು ಸಂಸಾರ ಮುರಿಯುವ ಹಂತಕ್ಕೆ ಬಂದಿತ್ತು.

"ನಮ್ಮಲ್ಲಿ ಜ್ಯೋತಿಷ್ಯ ಇಲ್ಲ" ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ನಂಬಿಕೆಯ ವಿಷಯದಲ್ಲಿ ಅದು ನಿಜ. ಆದರೆ ಮದುವೆಯಾಗಿ ಮೂರ್ನಾಲ್ಕು ವರ್ಷ ತೊಟ್ಟಿಲು ತೂಗದಿದ್ದರೆ, ಮದುವೆ ಮನೆಗಳಲ್ಲಿ "ಇನ್ನೂ ಏನೂ ಇಲ್ವಾ?" ಎಂಬ ಪ್ರಶ್ನೆ ಕೇಳಿ ಕೇಳಿ ಸಾಕಾದರೆ, ಗಟ್ಟಿ ಮನಸ್ಸಿನವರೂ ಸೋಲುತ್ತಾರೆ. ಒಬ್ಬರು ಹೆಸರಿನ ಅಕ್ಷರಗಳನ್ನು ಕೂಡಿಸಿ ಕಿತಾಬ್ ನೋಡುವವರ ಬಳಿಗೆ ಹೋಗುತ್ತಾರೆ. ಇನ್ನೊಬ್ಬರು ಯಾರಿಗೂ ಗೊತ್ತಾಗದಂತೆ ಮೊಬೈಲ್‌ನಲ್ಲಿ ಪ್ರಶ್ನೆ ಕಳಿಸುತ್ತಾರೆ. ಅವರನ್ನು ಹೀಯಾಳಿಸಲು ನಾನು ಇದನ್ನು ಬರೆಯುತ್ತಿಲ್ಲ. ಅಲ್ಲಿ ಸಿಗುವ ಉತ್ತರ ಹೇಗೆ ತಯಾರಾಗುತ್ತದೆ, ಅದನ್ನು ನಂಬಿ ಕಾದರೆ ದೇಹಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಸಬೇಕು ಎಂಬುದಷ್ಟೇ ನನ್ನ ಉದ್ದೇಶ.

ಉತ್ತರ ತಯಾರಾಗುವ ಬಗೆ

ಜಾತಕಕ್ಕೆ ಹುಟ್ಟಿದ ಹೊತ್ತು ಬೇಕು. ಪ್ರಶ್ನಶಾಸ್ತ್ರಕ್ಕೆ ಅದೂ ಬೇಡ. ನೀವು ಪ್ರಶ್ನೆ ಕೇಳಿದ ಹೊತ್ತಿನ ಆಕಾಶವೇ ಉತ್ತರ ಹೇಳುತ್ತದೆ ಎಂಬುದು ಅದರ ತಳಹದಿ. ಆ ಹೊತ್ತಿಗೆ ಪೂರ್ವ ದಿಕ್ಕಿನಲ್ಲಿ ಉದಯಿಸುತ್ತಿರುವ ರಾಶಿಯೇ ಲಗ್ನ, ಅಂದರೆ ಕೇಳಿದ ವ್ಯಕ್ತಿ. ಅಲ್ಲಿಂದ ಎಣಿಸಿದ ಐದನೆಯ ಮನೆ ಮಕ್ಕಳ ಮನೆ. ಗುರು ಸಂತಾನಕ್ಕೆ ಕಾರಕ. ಶನಿ ತಡೆಯುವವನು ಅಥವಾ ತಡ ಮಾಡುವವನು. ಗ್ರಹವೊಂದು ತಾನಿರುವ ಜಾಗದಿಂದ ಇನ್ನೊಂದು ಮನೆಯ ಮೇಲೆ ಬೀರುವ ಪ್ರಭಾವಕ್ಕೆ 'ದೃಷ್ಟಿ' ಎನ್ನುತ್ತಾರೆ. ಭಾರತೀಯ ಪದ್ಧತಿಯಲ್ಲಿ ಎಲ್ಲ ಗ್ರಹಗಳೂ ತಾವಿರುವಲ್ಲಿಂದ ಏಳನೆಯ ಮನೆಯನ್ನು ನೋಡುತ್ತವೆ. ಗುರುವಿಗೆ ಹೆಚ್ಚುವರಿಯಾಗಿ ಐದು ಮತ್ತು ಒಂಬತ್ತನೆಯ ಮನೆಗಳ ಮೇಲೆ, ಶನಿಗೆ ಮೂರು ಮತ್ತು ಹತ್ತನೆಯ ಮನೆಗಳ ಮೇಲೆ, ಕುಜನಿಗೆ ನಾಲ್ಕು ಮತ್ತು ಎಂಟನೆಯ ಮನೆಗಳ ಮೇಲೆ ದೃಷ್ಟಿ ಇದೆ.

ಇನ್ನು ಒಂದು ಸಣ್ಣ ಲೆಕ್ಕ ಮಾಡೋಣ. ದಿನಕ್ಕೆ 12 ರಾಶಿಗಳೂ ಪೂರ್ವದಲ್ಲಿ ಉದಯಿಸುತ್ತವೆ. ಒಂದೊಂದಕ್ಕೆ ಸುಮಾರು 2 ಗಂಟೆ. ಗುರು ಯಾವ ರಾಶಿಯಲ್ಲೇ ಇರಲಿ, ಈ 12 ಲಗ್ನಗಳ ಪೈಕಿ 4 ಲಗ್ನಗಳಿಗೆ ಅವನು ಐದನೆಯ ಮನೆಯಲ್ಲಿ ಕುಳಿತಿರುತ್ತಾನೆ ಇಲ್ಲವೇ ಅದನ್ನು ನೋಡುತ್ತಿರುತ್ತಾನೆ. ಅಂದರೆ ಪ್ರತಿ ದಿನವೂ ಸುಮಾರು 8 ಗಂಟೆ ಕಾಲ ಸಂತಾನದ ಮನೆಗೆ ಗುರುವಿನ ಸಂಬಂಧ ಇದ್ದೇ ಇರುತ್ತದೆ, ಉಳಿದ 16 ಗಂಟೆ ಇರುವುದಿಲ್ಲ. ಶನಿಗೂ ಇದೇ ಲೆಕ್ಕ. ಬೆಳಿಗ್ಗೆ ಹತ್ತು ಗಂಟೆಗೆ ಕೇಳಿದವಳಿಗೆ ಗುರುವಿನ ದೃಷ್ಟಿ ಸಿಗಬಹುದು. ಬಸ್ಸು ತಪ್ಪಿ ಒಂದು ಗಂಟೆಗೆ ತಲುಪಿದರೆ ಅವಳಿಗೇ ಶನಿಯ ದೃಷ್ಟಿ ಸಿಗಬಹುದು. ಈ ಮೂರು ಗಂಟೆಯಲ್ಲಿ ಗುರುವೂ ಶನಿಯೂ ಹೆಚ್ಚುಕಡಿಮೆ ಇದ್ದಲ್ಲೇ ಇದ್ದಾರೆ. ಅವಳ ಗರ್ಭಕೋಶವೂ ಬದಲಾಗಿಲ್ಲ. ಬದಲಾದದ್ದು ಅವಳು ಬಂದ ಸಮಯ ಮಾತ್ರ. ಕವಡೆ ಹಾಕಿ ರಾಶಿ ಆರಿಸುವ ಕ್ರಮವಾದರೆ ಅದು ಕವಡೆ ಬಿದ್ದ ಬಗೆಗೆ ಬಿಟ್ಟದ್ದು.

ಗುರುವೇ ಐದನೆಯ ಮನೆಯಲ್ಲಿ ಕುಳಿತಿದ್ದರೆ? ಶುಭ ಎಂದು ಒಬ್ಬರು ಹೇಳುತ್ತಾರೆ. ಕಾರಕ ಗ್ರಹ ಅದೇ ಮನೆಯಲ್ಲಿದ್ದರೆ ಫಲ ಕೆಡುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡಕ್ಕೂ ಶಾಸ್ತ್ರದಲ್ಲಿ ಆಧಾರವಿದೆ. ಗುರು ಮತ್ತು ಶನಿ ಇಬ್ಬರೂ ನೋಡುತ್ತಿದ್ದರೆ "ಆಗುತ್ತದೆ, ಆದರೆ ತಡವಾಗಿ" ಎಂಬ ಉತ್ತರ ಬರುತ್ತದೆ. ಈ ಉತ್ತರ ಸುಳ್ಳೆಂದು ತೋರಿಸಲು ಯಾರಿಂದಲೂ ಆಗದು. ಏಕೆಂದರೆ ಎಷ್ಟು ತಡ ಎಂದು ಅದು ಹೇಳುವುದೇ ಇಲ್ಲ.

ಪಾಶ್ಚಾತ್ಯರ ಪದ್ಧತಿಯಲ್ಲಿ ದೃಷ್ಟಿಯನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ: 60 ಮತ್ತು 120 ಒಳ್ಳೆಯದು, 90 ಮತ್ತು 180 ಕೆಟ್ಟದ್ದು. ಕರ್ಕಾಟಕ, ವೃಶ್ಚಿಕ, ಮೀನ ಫಲವಂತ ರಾಶಿಗಳು. ಮಿಥುನ, ಸಿಂಹ, ಕನ್ಯಾ ಬಂಜೆ ರಾಶಿಗಳು ಎನ್ನುತ್ತಾರೆ. ಆದರೆ ಪಾಶ್ಚಾತ್ಯರ ರಾಶಿಚಕ್ರಕ್ಕೂ ನಮ್ಮ ದೇಶದ ಪಂಚಾಂಗದ ರಾಶಿಚಕ್ರಕ್ಕೂ ಈಗ ಸುಮಾರು 24 ಡಿಗ್ರಿ ವ್ಯತ್ಯಾಸವಿದೆ. ಲಂಡನ್ನಿನ ಪುಸ್ತಕದಂತೆ ಕರ್ಕಾಟಕದ 10ನೇ ಡಿಗ್ರಿಯಲ್ಲಿರುವ ಗ್ರಹ ನಮ್ಮ ಪಂಚಾಂಗದಂತೆ ಮಿಥುನದ 16ನೇ ಡಿಗ್ರಿಯಲ್ಲಿರುತ್ತದೆ. ಅದೇ ಗ್ರಹ, ಅದೇ ಕ್ಷಣ. ಆದರೆ ಫಲವಂತ ರಾಶಿ ಬಂಜೆ ರಾಶಿಯಾಗಿಬಿಟ್ಟಿತು. ರಕ್ತ ಪರೀಕ್ಷೆಯ ವರದಿ ಎರಡು ಲ್ಯಾಬ್‌ಗಳಲ್ಲಿ ಹೀಗೆ ಬಂದರೆ ನಾವು ಸುಮ್ಮನಿರುತ್ತೇವೆಯೇ?

ಅರಬಿ ಪದ ಕಂಡರೆ ದೀನ್ ಆಗುವುದಿಲ್ಲ

"ಇದು ಅರಬಿ ಕಿತಾಬಿನಲ್ಲೂ ಇದೆಯಲ್ಲ" ಎಂದು ಕೆಲವರು ಕೇಳುತ್ತಾರೆ. ಹೌದು, ಇದೆ. 762ರಲ್ಲಿ ಬಗ್ದಾದ್ ನಗರಕ್ಕೆ ಅಡಿಪಾಯ ಹಾಕಲು ಮುಹೂರ್ತ ನೋಡಿದವರಲ್ಲಿ ಮಾಶಾಅಲ್ಲಾಹ್ ಎಂಬ ಯಹೂದಿ ಜ್ಯೋತಿಷಿಯೂ ಇದ್ದ. ಪ್ರಶ್ನೆಗೆ ಉತ್ತರ ಹೇಳುವ ಈ ಶಾಖೆಯನ್ನು ಅರಬಿಯಲ್ಲಿ 'ಮಸಾಇಲ್' ಎಂದು ಕರೆಯುತ್ತಿದ್ದರು. ಅದು ಪಶ್ಚಿಮಕ್ಕೆ ಹೋಗಿ ಲಂಡನ್ನಿನ ವಿಲಿಯಂ ಲಿಲ್ಲಿ 1647ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಸೇರಿತು. ಪೂರ್ವಕ್ಕೆ ಬಂದು ಸಂಸ್ಕೃತದ 'ತಾಜಿಕ' ಗ್ರಂಥಗಳಲ್ಲೂ ಸೇರಿತು. 1587ರ 'ತಾಜಿಕ ನೀಲಕಂಠೀ' ಅವುಗಳಲ್ಲಿ ಪ್ರಸಿದ್ಧ. ಗ್ರಹಗಳು ದೃಷ್ಟಿಯಿಂದ ಕೂಡುವುದಕ್ಕೆ ಅಲ್ಲಿ 'ಇತ್ಥಶಾಲ', ಬಿಡುವುದಕ್ಕೆ 'ಈಸರಾಫ' ಎನ್ನುತ್ತಾರೆ. ಅವು ಅರಬಿಯ 'ಇತ್ತಿಸಾಲ್' ಮತ್ತು 'ಇನ್ಸಿರಾಫ್' ಪದಗಳೇ.

ಆದರೆ ಅರಬಿಯಲ್ಲಿ ಬರೆದದ್ದೆಲ್ಲ ಇಸ್ಲಾಮ್ ಅಲ್ಲ. ಅದೇ ಕಾಲದ ನಮ್ಮ ವಿದ್ವಾಂಸರೇ ಇದನ್ನು ಎದುರಿಸಿದರು. ಇಬ್ನ್ ಸೀನಾ (980-1037) ಜ್ಯೋತಿಷ್ಯವನ್ನು ಖಂಡಿಸಿ ಪ್ರತ್ಯೇಕ ಕೃತಿಯನ್ನೇ ಬರೆದರು. ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮಾ'ದಲ್ಲಿ ಅದರ ದೌರ್ಬಲ್ಯವನ್ನು ವಿವರಿಸಿದರು. ನಕ್ಷತ್ರಗಳಿಂದ ಕಿಬ್ಲಾ ದಿಕ್ಕು ಕಂಡುಹಿಡಿದವರು, ನಮಾಝಿನ ವೇಳೆ ಲೆಕ್ಕ ಹಾಕಿದವರು, ತಿಂಗಳು ಎಣಿಸಿದವರು ನಮ್ಮವರೇ. ಆಕಾಶವನ್ನು ಅರಿಯುವುದು ಬೇರೆ, ಆಕಾಶದ ಬಾಯಲ್ಲಿ ಭವಿಷ್ಯ ಹೇಳಿಸುವುದು ಬೇರೆ ಎಂಬ ವ್ಯತ್ಯಾಸವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನೊಂದು ವಿಷಯವನ್ನು ಇಲ್ಲಿ ನೆನಪಿಸಬೇಕು. ಇದೇ ಇಬ್ನ್ ಸೀನಾ ತಮ್ಮ ವೈದ್ಯಗ್ರಂಥ 'ಅಲ್ ಖಾನೂನ್'ನಲ್ಲಿ ಬಂಜೆತನದ ಕಾರಣಗಳನ್ನು ಚರ್ಚಿಸುವಾಗ ಹೆಣ್ಣಿನ ಬಗ್ಗೆ ಮಾತ್ರ ಬರೆಯಲಿಲ್ಲ. ಪುರುಷನ ವೀರ್ಯದಲ್ಲಿರಬಹುದಾದ ದೋಷವನ್ನೂ ಅವರು ಎಣಿಸಿದ್ದಾರೆ. ಸಾವಿರ ವರ್ಷದ ಹಿಂದೆ ಒಬ್ಬ ಮುಸ್ಲಿಮ್ ವೈದ್ಯ ಬರೆದದ್ದನ್ನು ಇಂದು ನಮ್ಮ ಮನೆಯ ಹಿರಿಯರಿಗೆ ಹೇಳಲು ನಾವು ಹಿಂಜರಿಯುತ್ತೇವೆ.

ಹೇಳಿದ್ದು ನಿಜವಾಯಿತಲ್ಲ?

"ನಮ್ಮ ಪಕ್ಕದ ಮನೆಯವಳಿಗೆ ಹೇಳಿದ ಹಾಗೇ ಆಯಿತು" ಎನ್ನುವವರಿದ್ದಾರೆ. ಆಗಿರಬಹುದು. ಪತ್ನಿಗೆ 40ರೊಳಗಿನ ವಯಸ್ಸಾಗಿದ್ದು, ಜೊತೆಯಾಗಿ ಬಾಳುತ್ತಾ ಯಾವ ತಡೆಯನ್ನೂ ಬಳಸದ 100 ದಂಪತಿಗಳಲ್ಲಿ 80ಕ್ಕಿಂತ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ವರ್ಷದಲ್ಲಿ ನಿಲ್ಲುತ್ತದೆ. ಅಂದರೆ ಹೊಸದಾಗಿ ಮದುವೆಯಾದವರಿಗೆ ಕಣ್ಣು ಮುಚ್ಚಿ "ಆಗುತ್ತದೆ" ಎಂದು ಹೇಳಿದರೂ ಹತ್ತರಲ್ಲಿ ಎಂಟು ಸಲ ಸರಿಯಾಗುತ್ತದೆ. ಅದಕ್ಕೆ ಗುರುವೂ ಬೇಡ, ಶನಿಯೂ ಬೇಡ. ಸರಿಯಾದವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಸರಿಯಾಗದವರು ಮನೆಯೊಳಗೆ ಅಳುತ್ತಾರೆ, ಅವರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಅಪಾಯ ಇರುವುದು "ಕಾಯಿರಿ" ಎಂಬ ಉತ್ತರದಲ್ಲಿ. ಗುರು ಒಂದು ರಾಶಿ ದಾಟಲು ಸುಮಾರು ಒಂದು ವರ್ಷ ಬೇಕು. ಶನಿಗೆ ಸುಮಾರು ಎರಡೂವರೆ ವರ್ಷ. ಹೆಣ್ಣಿನ ಅಂಡಾಣುಗಳು ಅವಳು ಹುಟ್ಟುವಾಗಲೇ ಇರುತ್ತವೆ, ಹೊಸದಾಗಿ ಉಂಟಾಗುವುದಿಲ್ಲ. ಮೂವತ್ತೈದರ ನಂತರ ಅವುಗಳ ಸಂಖ್ಯೆ ಮತ್ತು ಗುಣಮಟ್ಟ ಬೇಗನೆ ಇಳಿಯುತ್ತವೆ. 33ರ ಹೆಂಗಸಿಗೆ "ಶನಿ ದಾಟಲಿ" ಎಂದು ಹೇಳಿದರೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮೂವತ್ತೈದು ದಾಟಿರುತ್ತದೆ. ಕೊಟ್ಟ ಹಣವನ್ನು ಮತ್ತೆ ಸಂಪಾದಿಸಬಹುದು. ಆ ಎರಡೂವರೆ ವರ್ಷ ಮರಳಿ ಬರುವುದಿಲ್ಲ.

ಎರಡನೆಯ ಅಪಾಯ, ಆ ಕುಂಡಲಿ ಗಂಡನಿಗೆ ಕೊಡುವ ಮಾಫಿ. ಮಕ್ಕಳಾಗದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಕಡೆ ಗಂಡನ ಭಾಗದ ಕಾರಣವೂ ಸೇರಿರುತ್ತದೆ. ಕೇಳಿದವಳು ಹೆಂಡತಿ, ಆದ್ದರಿಂದ ಐದನೆಯ ಮನೆ ಅವಳದು, ದೋಷವೂ ಅವಳದು ಎಂದಾಗಿಬಿಡುತ್ತದೆ.

ಕೇಳಬೇಕಾದ ಪ್ರಶ್ನೆಗಳು

"ನನಗೆ ಮಗು ಆಗುತ್ತದೆಯೇ?" ಎಂಬುದಕ್ಕೆ ವೈದ್ಯರೂ ಖಚಿತ ಉತ್ತರ ಕೊಡಲಾರರು. ಆದರೆ "ಎಲ್ಲಿ ತಡೆ ಇದೆ?" ಎಂಬ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಇದೆ.

ಮೊದಲನೆಯದು, ನಿಜವಾಗಿ ಎಷ್ಟು ಕಾಲ ಜೊತೆಯಲ್ಲಿದ್ದೀರಿ? ನಮ್ಮ ಕರಾವಳಿಯಲ್ಲಿ ಇದು ದೊಡ್ಡ ವಿಷಯ. ಮದುವೆಯಾಗಿ ನಾಲ್ಕು ವರ್ಷವಾದರೂ ಗಂಡ ಗಲ್ಫ್‌ನಲ್ಲಿದ್ದು ವರ್ಷಕ್ಕೆ ನಲವತ್ತು ದಿನ ಊರಿಗೆ ಬರುವುದಾದರೆ ಅವರು ಕೂಡಿ ಬಾಳಿದ್ದು ಆರು ತಿಂಗಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬಂಜೆತನ ಎನ್ನುವುದು 12 ತಿಂಗಳು ನಿಯಮಿತವಾಗಿ ಕೂಡಿ ಬಾಳಿದ ನಂತರವೂ ಗರ್ಭ ನಿಲ್ಲದಿದ್ದರೆ ಮಾತ್ರ. ಇಂಥ ಹೆಣ್ಣಿಗೆ ಬಂಜೆ ಎಂಬ ಹೆಸರಿಡುವುದು ಅನ್ಯಾಯ. ಅವಳಿಗೆ ಬೇಕಾದದ್ದು ಔಷಧಿಗಿಂತ ಮೊದಲು ಗಂಡನ ರಜೆ.

ಎರಡನೆಯದು, ದಿನಗಳ ಲೆಕ್ಕ. ನಮಾಝ್ ಮತ್ತು ಉಪವಾಸಕ್ಕಾಗಿ ನಮ್ಮ ಹೆಂಗಸರು ಮುಟ್ಟಿನ ದಿನಗಳನ್ನು ಚಾಚೂ ತಪ್ಪದೆ ಎಣಿಸುತ್ತಾರೆ. ಅದೇ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಣು ಬಿಡುಗಡೆಯಾಗುತ್ತದೆ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 14ನೇ ದಿನದ ಸುಮಾರಿಗೆ, 32 ದಿನದವರಿಗೆ 18ನೇ ದಿನದ ಸುಮಾರಿಗೆ. ಆ ದಿನ ಮತ್ತು ಅದರ ಹಿಂದಿನ ಐದು ದಿನಗಳು ಗರ್ಭ ನಿಲ್ಲುವ ದಿನಗಳು. ಲೆಕ್ಕ ಕಷ್ಟವಾದರೆ ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು.

ಮೂರನೆಯದು, ಯಾವಾಗ ವೈದ್ಯರನ್ನು ಕಾಣಬೇಕು? ಪತ್ನಿಗೆ 35ರೊಳಗಿನ ವಯಸ್ಸಾದರೆ ಒಂದು ವರ್ಷ ಪ್ರಯತ್ನಿಸಿದ ನಂತರ. 35 ತುಂಬಿದ್ದರೆ ಆರು ತಿಂಗಳಿಗೇ. 40 ದಾಟಿದ್ದರೆ ಕೂಡಲೇ. ಮುಟ್ಟು ಎರಡು ಮೂರು ತಿಂಗಳು ಬಾರದಿದ್ದರೆ, ಮುಟ್ಟಿನಲ್ಲಿ ತಡೆಯಲಾಗದ ನೋವಿದ್ದರೆ, ಹಿಂದೆ ಕ್ಷಯ ಬಂದಿದ್ದರೆ, ಗಂಡನಿಗೆ ವೃಷಣದ ಶಸ್ತ್ರಚಿಕಿತ್ಸೆ ಆಗಿದ್ದರೆ ಅಥವಾ ದೊಡ್ಡವನಾದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದರೆ ಒಂದು ವರ್ಷ ಕಾಯಬಾರದು. ಗರ್ಭನಾಳದ ಕ್ಷಯ ನಮ್ಮ ದೇಶದಲ್ಲಿ ಸದ್ದಿಲ್ಲದೆ ನಾಳ ಮುಚ್ಚಿಸುವ ಒಂದು ಮುಖ್ಯ ಕಾರಣ.

ನಾಲ್ಕನೆಯದು, ಮತ್ತು ನನ್ನ ಮಟ್ಟಿಗೆ ಮುಖ್ಯವಾದದ್ದು: ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿ. ವೀರ್ಯ ಪರೀಕ್ಷೆಗೆ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಖರ್ಚೂ ಕಡಿಮೆ. 2ರಿಂದ 7 ದಿನ ಸಂಬಂಧವಿಲ್ಲದೆ ಇದ್ದು ಮಾದರಿ ಕೊಡಬೇಕು. ಲ್ಯಾಬ್‌ನಲ್ಲಿ ಕೊಡಲು ನಾಚಿಕೆಯಾದರೆ ಮನೆಯಲ್ಲೇ ಪತ್ನಿಯ ನೆರವಿನಿಂದ ಸಂಗ್ರಹಿಸಿ, ಮೈಶಾಖದಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಸಾಮಾನ್ಯ ಕಾಂಡೋಮ್ ಬಳಸಬೇಡಿ, ಅದರ ಲೇಪನ ವೀರ್ಯಾಣುಗಳಿಗೆ ಹಾನಿ ಮಾಡುತ್ತದೆ. ವರದಿ ಸರಿಯಿಲ್ಲದಿದ್ದರೆ ಒಂದಕ್ಕೇ ಎದೆಗುಂದಬೇಡಿ. ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು, ಆದ್ದರಿಂದ ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸುತ್ತಾರೆ. ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕು. ಜಿಮ್‌ನಲ್ಲಿ ಮೈ ಬೆಳೆಸಲು ಕೊಡುವ ಹಾರ್ಮೋನು ಚುಚ್ಚುಮದ್ದು ವೀರ್ಯಾಣುವಿನ ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು ಎಂಬುದು ನಮ್ಮ ಹುಡುಗರಿಗೆ ತಿಳಿದಿರಬೇಕು.

ದುಆ ಮಾಡುವವನು ಕಾದು ಕೂರುವುದಿಲ್ಲ

ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೇ ಗ್ರಹಣವಾಯಿತೆಂದು ಜನರು ಆಡಿಕೊಂಡರು. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟಿಗೂ ಸಾವಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಪ್ರವಾದಿಯವರು(ಸ) ಸ್ಪಷ್ಟಪಡಿಸಿದರು. ಮಗುವನ್ನು ಕಳೆದುಕೊಂಡ ತಂದೆ, ಎದೆ ಭಾರವಾಗಿದ್ದ ಆ ದಿನವೇ ಹೇಳಿದ ಮಾತು ಇದು. ಮಗುವಿಗಾಗಿ ಹಂಬಲಿಸುವ ಮನೆಗಳಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ.

ಹೆಣ್ಣು, ಗಂಡು ಎರಡನ್ನೂ ಕೊಡುವವನು, ಕೆಲವರಿಗೆ ಕೊಡದೆ ಇರುವವನು ಅಲ್ಲಾಹನೇ ಎಂದು ಸೂರಃ ಅಶ್ಶೂರಾ ತಿಳಿಸುತ್ತದೆ. ಮಕ್ಕಳಿಲ್ಲದಿರುವುದು ಹೆಣ್ಣಿನ ಅಪರಾಧವಲ್ಲ ಎಂಬುದೂ ಅದರಲ್ಲೇ ಇದೆ. ಮುದಿ ವಯಸ್ಸಿನಲ್ಲಿ ಝಕರಿಯ್ಯಾ(ಅ) ತಮ್ಮ ಬೇಡಿಕೆಯನ್ನು ನೇರವಾಗಿ ತಮ್ಮ ಪ್ರಭುವಿನ ಮುಂದಿಟ್ಟರು. ಇನ್ನು ರೋಗವಿದ್ದರೆ ಚಿಕಿತ್ಸೆ ಪಡೆಯಿರಿ ಎಂಬುದೂ ಪ್ರವಾದಿ(ಸ)ರ ಆದೇಶವೇ. ದುಆ ಒಂದು ಕೈಯಾದರೆ ಚಿಕಿತ್ಸೆ ಇನ್ನೊಂದು ಕೈ. ಇವೆರಡರ ನಡುವೆ ಗ್ರಹಗಳಿಗೆ ಜಾಗವಿಲ್ಲ.

ಆ ಹುಡುಗಿಯ ಗಂಡನನ್ನು ವೈದ್ಯರು ಒಳಗೆ ಕರೆದು ಮಾತಾಡಿದರು. ಒಲ್ಲದ ಮನಸ್ಸಿನಿಂದಲೇ ಪರೀಕ್ಷೆ ಮಾಡಿಸಿಕೊಂಡ. ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ ಇತ್ತು. ಮೂರು ತಿಂಗಳ ನಂತರವೂ ಅದೇ ಫಲಿತಾಂಶ. ಹೆಂಡತಿಯ ಎರಡು ಬೆರಳು ದಪ್ಪದ ಫೈಲಿನಲ್ಲಿ ದೋಷವೆಂಬುದು ಎಲ್ಲೂ ಇರಲಿಲ್ಲ. ವರದಿ ಹಿಡಿದುಕೊಂಡು ಹೊರಗೆ ಬಂದವನು ಬೆಂಚಿನಲ್ಲಿ ಕುಳಿತಿದ್ದ ತಾಯಿಗೆ ಹೇಳಿದ್ದು ಒಂದೇ ಮಾತು: "ಉಮ್ಮಾ, ಇನ್ನು ಇವಳಿಗೆ ಏನೂ ಹೇಳಬೇಡಿ."

ಎರಡನೇ ನಿಕಾಹ್‌ನ ಮಾತು ಅಲ್ಲಿಗೆ ನಿಂತಿತು. ಚಿಕಿತ್ಸೆ ಆರಂಭವಾಯಿತು. ಅವರಿಗೆ ಇನ್ನೂ ಮಗು ಆಗಿಲ್ಲ. ಎರಡೂವರೆ ವರ್ಷ ಮೊದಲು ಬಂದಿದ್ದರೆ ಆಗುತ್ತಿತ್ತು ಎಂದು ನಾನು ಹೇಳಲಾರೆ, ಅದು ಅಲ್ಲಾಹನಿಗೆ ಬಿಟ್ಟದ್ದು. ಆದರೆ ಆ ಎರಡೂವರೆ ವರ್ಷ ಒಬ್ಬ ಹೆಣ್ಣು ತನ್ನದಲ್ಲದ ದೋಷವನ್ನು ಹೊತ್ತು ತಿರುಗುವ ಅಗತ್ಯ ಇರಲಿಲ್ಲ. ನಿಮ್ಮ ಮನೆಯಲ್ಲಿ ಅಂಥ ಸೊಸೆಯೋ ಮಗಳೋ ಇದ್ದರೆ, ಇಂದೇ ಅವಳ ಫೈಲು ತೆರೆದು ನೋಡಿ. ಅದರಲ್ಲಿ ಗಂಡನ ಹೆಸರಿನ ಒಂದು ವರದಿ ಇಲ್ಲದಿದ್ದರೆ ಮೊದಲು ಮಾಡಿಸಬೇಕಾದದ್ದು ಅದನ್ನು.